ಆಫೀಸಿನಿಂದ ಬಂದರೆ ಪಾಸ್‌ವರ್ಡ್ ಬೇಡ, ಹೊರಗಿನಿಂದ ಬಂದರೆ ಬೇಕು: ವೆಬ್ ಸರ್ವರಿನಲ್ಲಿ ಇದನ್ನು ಮಾಡುವುದು ಹೇಗೆ

ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ ಅಂತ ಇಟ್ಟುಕೊಳ್ಳಿ. ಡ್ರಾಯಿಂಗ್, ಆರ್ಡರ್, ಸ್ಟಾಕ್ ಎಲ್ಲ ಒಂದೇ ವೆಬ್ ಸರ್ವರಿನಲ್ಲಿದೆ. ಶಾಪ್ ಫ್ಲೋರಿನಲ್ಲಿ ಮೆಷಿನ್ ಪಕ್ಕದ ಕಂಪ್ಯೂಟರ್ ಮುಟ್ಟುವವರ ಕೈಯೆಲ್ಲ ಎಣ್ಣೆ, ಪ್ರತಿ ಸಲ ಪಾಸ್‌ವರ್ಡ್ ಹೊಡೀರಿ ಅಂದರೆ ಅದು ಆಗದ ಮಾತು. ಲೆಕ್ಕ ನೋಡುವವರು ರಾಜಾಜಿನಗರದ ಮನೆಯಿಂದ ಕೆಲಸ ಮಾಡುತ್ತಾರೆ. ಜಯನಗರದ ಆಡಿಟರ್ ಆಗಾಗ ಬಂದು ಬಿಲ್ ನೋಡುತ್ತಾರೆ. ರಾತ್ರಿ ಒಂದು ಸ್ಕ್ರಿಪ್ಟ್ ಬ್ಯಾಕಪ್ ತೆಗೆದುಕೊಳ್ಳುತ್ತದೆ. ಇವರೆಲ್ಲರಿಗೂ ಒಂದೇ ಲಾಗಿನ್ ವಿಧಾನ ಹೊಂದುವುದಿಲ್ಲ, ಹಾಗಂತ ನಾಲ್ಕು ಸರ್ವರ್ ಹಾಕಬೇಕಾಗಿಯೂ ಇಲ್ಲ. ಅಪಾಚೆ, ಎಂಜಿನ್‌ಎಕ್ಸ್ ಅನ್ನುವ ಎರಡು ವೆಬ್ ಸರ್ವರ್ ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಹೇಗೆ ಮಾಡುವುದು ಅಂತ ನೋಡೋಣ.

ಕಾನ್ಫಿಗ್ ಫೈಲ್ (ಸರ್ವರ್ ಹೇಗೆ ನಡೆಯಬೇಕು ಅಂತ ಬರೆದಿಡುವ ಫೈಲ್) ತೆರೆಯುವ ಮೊದಲು ಒಂದು ಹಾಳೆ ತಗೊಳ್ಳಿ. ಯಾರಿಗೆ ಯಾವ ಫೋಲ್ಡರ್, ಯಾವ ಷರತ್ತಿನ ಮೇಲೆ ಅಂತ ಕನ್ನಡದಲ್ಲೇ ಬರೆಯಿರಿ. ಪ್ರತಿ ಸಾಲಿನ ಕೊನೆಯಲ್ಲೂ ‘ಎರಡೂ ಬೇಕು’ ಅಥವಾ ‘ಒಂದಿದ್ದರೆ ಸಾಕು’ ಅಂತ ಇರಲೇಬೇಕು. ಡ್ರಾಯಿಂಗ್ ಫೋಲ್ಡರಿಗೆ: ಕಾರ್ಖಾನೆಯ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) ಇರಲಿ ಅಥವಾ ಪಾಸ್‌ವರ್ಡ್ ಇರಲಿ, ಒಂದಿದ್ದರೆ ಸಾಕು. ಬ್ಯಾಕಪ್ಪಿಗೆ: ಬ್ಯಾಕಪ್ ಮೆಷಿನ್ನಿನ ಐಪಿ ಮತ್ತು ಅದರದೇ ಪಾಸ್‌ವರ್ಡ್, ಎರಡೂ ಬೇಕು. ಇದನ್ನು ಬರೆಯದೆ ಸುಮ್ನೆ ಫೈಲಿಗೆ ಕೈ ಹಾಕಿದರೆ ಸರ್ವರ್ ತನ್ನ ಡೀಫಾಲ್ಟ್ (ನಾವೇನೂ ಹೇಳದಿದ್ದಾಗಿನ ರೂಢಿ) ಪ್ರಕಾರ ನಡೆಯುತ್ತದೆ, ಮತ್ತು ಆ ಡೀಫಾಲ್ಟ್ ಅಪಾಚೆಯಲ್ಲಿ ಒಂದು ಥರ, ಎಂಜಿನ್‌ಎಕ್ಸ್‌ನಲ್ಲಿ ಅದಕ್ಕೆ ಪೂರ್ತಿ ಉಲ್ಟಾ. ಈ ಲೇಖನದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇಲ್ಲ. (ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಮಾಮೂಲಿನಂತೆ ಇಂಗ್ಲಿಷಿನಲ್ಲೇ ಹಾಕಿ.)

ಮೊದಲು ಎಂಜಿನ್‌ಎಕ್ಸ್. ಇಲ್ಲಿ ಎಲ್ಲವನ್ನೂ ತೀರ್ಮಾನ ಮಾಡುವುದು ‘ಸ್ಯಾಟಿಸ್ಫೈ’ ಅನ್ನುವ ಒಂದು ಸಾಲು. ಏನೂ ಬರೆಯದಿದ್ದರೆ ಅದು ‘ಸ್ಯಾಟಿಸ್ಫೈ ಆಲ್’, ಅಂದರೆ ಎಲ್ಲ ಪರೀಕ್ಷೆಯೂ ಪಾಸಾಗಬೇಕು. ಡ್ರಾಯಿಂಗ್ ಫೋಲ್ಡರಿನ ಲೊಕೇಶನ್ ಬ್ಲಾಕಿನಲ್ಲಿ (ಆ ಫೋಲ್ಡರಿಗೆ ಅನ್ವಯಿಸುವ ಸಾಲುಗಳ ಗುಂಪು) ‘ಸ್ಯಾಟಿಸ್ಫೈ ಎನಿ’ ಹಾಕಿ, ಕೆಳಗೆ ‘ಅಲೋ 192.168.1.0/24’ (192.168.1ರಿಂದ ಶುರುವಾಗುವ ಎಲ್ಲ ಐಪಿ), ಅದರ ಕೆಳಗೆ ‘ಡಿನೈ ಆಲ್’, ಆಮೇಲೆ ‘ಆತ್ ಬೇಸಿಕ್’ (ಹೆಸರು, ಪಾಸ್‌ವರ್ಡ್ ಕೇಳುವ ಸಾಲು) ಮತ್ತು ಪಾಸ್‌ವರ್ಡ್ ಫೈಲಿನ ದಾರಿ. ಇಷ್ಟೇ. ಒಳಗಿನವರು ನೇರ ಒಳಗೆ ಬರುತ್ತಾರೆ, ಹೊರಗಿನವರಿಗೆ ಪಾಸ್‌ವರ್ಡ್ ಡಬ್ಬಿ ಕಾಣುತ್ತದೆ. ಬ್ಯಾಕಪ್ ಬ್ಲಾಕಿನಲ್ಲಿ ‘ಎನಿ’ ಬದಲು ‘ಆಲ್’ ಅಂತ ಬಿಡಿಸಿ ಬರೆಯಿರಿ, ಡೀಫಾಲ್ಟ್ ಅದೇ ಆಗಿದ್ದರೂ ಬರೆಯಿರಿ. ಮುಂದೆ ಓದುವವರು ಊಹೆ ಮಾಡಬೇಕಾಗಬಾರದು. ‘ಡಿನೈ ಆಲ್’ ಮರೆತರೆ ಈ ‘ಆಲ್’ ಬ್ಲಾಕಿನಲ್ಲಿ ಐಪಿ ಪರೀಕ್ಷೆ ಇದ್ದೂ ಇಲ್ಲದಂತೆ, ಯಾಕಂದರೆ ಯಾವ ಸಾಲಿಗೂ ಸಿಗದ ಐಪಿಯನ್ನು ಎಂಜಿನ್‌ಎಕ್ಸ್ ತಡೆಯುವುದಿಲ್ಲ. ಇನ್ನೊಂದು: ಅದೇ ಬ್ಲಾಕಿನಲ್ಲಿ ‘ರಿಟರ್ನ್’ ಸಾಲು (ಅಲ್ಲೇ ನೇರ ಉತ್ತರ ಕೊಟ್ಟು ಕಳಿಸುವ ಆಜ್ಞೆ) ಇದ್ದರೆ ಅದು ಈ ಪರೀಕ್ಷೆಗಳಿಗಿಂತ ಮೊದಲೇ ಓಡಿಬಿಡುತ್ತದೆ. ಪಾಸ್‌ವರ್ಡ್ ಕೇಳ್ತಾನೇ ಇಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಅದನ್ನು ನೋಡಿ.

ಅಪಾಚೆಯಲ್ಲಿ ಒಂದರ ಕೆಳಗೊಂದು ಎರಡು ‘ರಿಕ್ವೈರ್’ ಸಾಲು ಬರೆದರೆ ಅರ್ಥ ‘ಒಂದಿದ್ದರೆ ಸಾಕು’. ಬಹಳ ಜನ ಎರಡೂ ಬೇಕು ಅಂದುಕೊಂಡು ಬರೆದಿರುತ್ತಾರೆ, ಸರ್ವರ್ ಮಾತ್ರ ಯಾವುದಾದರೂ ಒಂದಕ್ಕೆ ಬಾಗಿಲು ತೆಗೆಯುತ್ತಿರುತ್ತದೆ. ಹಾಗಾಗಿ ಯಾವತ್ತೂ ಬಿಡಿಯಾಗಿ ಬರೆಯಬೇಡಿ. ಎರಡೂ ಬೇಕಾದರೆ ‘ರಿಕ್ವೈರ್‌ಆಲ್’ ಬ್ಲಾಕ್, ಒಂದು ಸಾಕಾದರೆ ‘ರಿಕ್ವೈರ್‌ಎನಿ’ ಬ್ಲಾಕ್, ಅದರೊಳಗೆ ‘ರಿಕ್ವೈರ್ ಐಪಿ’ ಮತ್ತು ‘ರಿಕ್ವೈರ್ ವ್ಯಾಲಿಡ್-ಯೂಸರ್’ (ಸರಿಯಾದ ಹೆಸರು, ಪಾಸ್‌ವರ್ಡ್ ಕೊಟ್ಟವರು). ಒಂದರೊಳಗೆ ಇನ್ನೊಂದನ್ನು ಹಾಕಬಹುದು. ಇದು ಅಪಾಚೆಯ ದೊಡ್ಡ ಅನುಕೂಲ: ‘ಕಾರ್ಖಾನೆಯ ಐಪಿ ಸಾಕು, ಇಲ್ಲವೇ ಆಡಿಟರ್ ಗುಂಪಿನವರಾಗಿದ್ದು ಬರೀ ಓದಲು ಬಂದಿರಬೇಕು’ ಅನ್ನುವಂಥದ್ದನ್ನೂ ಬರೆಯಬಹುದು. ಹೊರಗಡೆ ರಿಕ್ವೈರ್‌ಎನಿ, ಒಳಗೆ ಒಂದು ರಿಕ್ವೈರ್‌ಆಲ್, ಅದರಲ್ಲಿ ಗುಂಪಿನ ಹೆಸರಿನ ಜೊತೆಗೆ ‘ರಿಕ್ವೈರ್ ಮೆಥಡ್ ಗೆಟ್’.

2012ರಲ್ಲಿ ಬಂದ 2.4 ಆವೃತ್ತಿಯಿಂದ ಈ ಪದ್ಧತಿ. ಹಳೆಯ ‘ಆರ್ಡರ್’, ‘ಅಲೋ ಫ್ರಮ್’, ‘ಸ್ಯಾಟಿಸ್ಫೈ’ ಸಾಲುಗಳು ಆಕ್ಸೆಸ್-ಕಾಂಪ್ಯಾಟ್ ಮಾಡ್ಯೂಲ್ ಇದ್ದರೆ ಇನ್ನೂ ಕೆಲಸ ಮಾಡುತ್ತವೆ, ಹಾಗಾಗಿ ಹಳೆಯ ಲೇಖನ ನೋಡಿ ಯಾರೋ ಹಾಕಿದ್ದು ನಿಮ್ಮ ಫೈಲಿನಲ್ಲೂ ಇರಬಹುದು. ಹಳೆಯದನ್ನೂ ಹೊಸದನ್ನೂ ಬೆರೆಸಿದರೆ ಕೊನೆಗೆ ಏನಾಗುತ್ತದೆ ಅಂತ ಓದಿ ಹೇಳುವುದು ಬಲು ಕಷ್ಟ. ಹಳೆಯದನ್ನು ಪೂರ್ತಿ ತೆಗೆದುಬಿಡಿ.

ಅಪಾಚೆಯಲ್ಲಿ ನಾನು ಜಾಸ್ತಿ ಹೆದರುವುದು ಇನ್ನೊಂದಕ್ಕೆ. ಮೇಲಿನ ಫೋಲ್ಡರಿಗೆ ‘ಎರಡೂ ಬೇಕು’ ಅಂತ ಚೆನ್ನಾಗಿ ಬರೆದಿರುತ್ತೀರಿ. ಒಳಗಿನ ಒಂದು ಫೋಲ್ಡರಿನಲ್ಲಿ ಯಾರೋ ಎಚ್‌ಟಿಆಕ್ಸೆಸ್ ಫೈಲ್ (ಆ ಫೋಲ್ಡರಿನ ಮಟ್ಟಿಗಿನ ನಿಯಮಗಳ ಫೈಲ್) ಇಟ್ಟು ‘ರಿಕ್ವೈರ್ ವ್ಯಾಲಿಡ್-ಯೂಸರ್’ ಅಂತ ಒಂದೇ ಸಾಲು ಬರೆಯುತ್ತಾರೆ. ಇನ್ನಷ್ಟು ಭದ್ರ ಆಯ್ತು ಅಂತ ಅನಿಸುತ್ತದೆ ಅಲ್ವಾ? ಆಗಿರುವುದು ಉಲ್ಟಾ. ‘ಆತ್‌ಮರ್ಜಿಂಗ್’ ಡೀಫಾಲ್ಟಾಗಿ ಆಫ್ ಇರುವುದರಿಂದ ಒಳಗಿನ ಸಾಲು ಮೇಲಿನ ನಿಯಮವನ್ನು ಅಳಿಸಿ ತಾನು ಕೂರುತ್ತದೆ, ಐಪಿ ಷರತ್ತು ಅಲ್ಲಿಗೆ ಹೋಯಿತು. ಮೇಲಿನದೂ ಉಳಿಯಬೇಕಾದರೆ ಒಳಗಿನ ಫೋಲ್ಡರಿನಲ್ಲಿ ‘ಆತ್‌ಮರ್ಜಿಂಗ್ ಆಂಡ್’ ಹಾಕಿ.

ಈಗ ಐಪಿ ವಿಷಯ. ‘ಕಾರ್ಖಾನೆಯ ಐಪಿ’ ಅನ್ನುವುದು ನಾವು ಅಂದುಕೊಂಡಷ್ಟು ಗಟ್ಟಿ ವಸ್ತುವಲ್ಲ. ಸರ್ವರ್ ಕಾರ್ಖಾನೆಯ ಒಳಗೇ ಇದ್ದರೆ ಸರಿ, ಆದರೆ ವಿಸಿಟರಿಗೆ ಕೊಡುವ ವೈ-ಫೈ ಕೂಡ ಅದೇ 192.168.1 ಸಾಲಿನಲ್ಲಿದ್ದರೆ ಚಹಾ ಕುಡಿಯಲು ಬಂದ ಸೇಲ್ಸ್‌ನವರೂ ಒಳಗಿನವರೇ. ಗೆಸ್ಟ್ ವೈ-ಫೈಯನ್ನು ಬೇರೆ ಮಾಡಿ, ಆಮೇಲೆ ಈ ನಿಯಮ ಬರೆಯಿರಿ. ಸರ್ವರ್ ಕ್ಲೌಡಿನಲ್ಲಿದ್ದರೆ ನಿಮ್ಮ ಬ್ರಾಡ್‌ಬ್ಯಾಂಡಿನ ಹೊರಗಿನ ಐಪಿ ಹಾಕಬೇಕಾಗುತ್ತದೆ. ಕರೆಂಟ್ ಹೋಗಿ ಬಂದು ರೌಟರ್ ಮತ್ತೆ ಶುರುವಾದರೆ ಅದು ಬದಲಾಗಬಹುದು, ಬೆಂಗಳೂರಿನ ಮಳೆಗಾಲದಲ್ಲಿ ಇದು ಯಾವಾಗ ಬೇಕಾದರೂ ಆಗುವಂಥದ್ದು. ಸ್ಟ್ಯಾಟಿಕ್ (ಬದಲಾಗದ) ಐಪಿ ತಗೊಳ್ಳಿ, ಇಲ್ಲದಿದ್ದರೆ ಹೊರಗಿನ ಐಪಿ ಮೇಲೆ ನಿಯಮ ಕಟ್ಟಲೇಬೇಡಿ. ಮೊಬೈಲ್ ಡೇಟಾದ ಐಪಿಯನ್ನು ಅಲೋ ಮಾಡುವುದಂತೂ ಬೇಡವೇ ಬೇಡ, ಒಂದೇ ಐಪಿ ಹಿಂದೆ ಗೊತ್ತಿಲ್ಲದ ಎಷ್ಟೋ ಗಿರಾಕಿಗಳಿರುತ್ತಾರೆ. ಐಪಿವಿ6 (ಐಪಿಯ ಹೊಸ ಮಾದರಿ) ಇದೆಯಾ ಅಂತಲೂ ನೋಡಿ. ಬರೀ ಐಪಿವಿ4 ಸಾಲು ಬರೆದು, ಕಾರ್ಖಾನೆಯ ಕಂಪ್ಯೂಟರ್‌ಗಳು ಐಪಿವಿ6ನಲ್ಲಿ ಬರುತ್ತಿದ್ದರೆ ಒಳಗಿನವರಿಗೂ ಪಾಸ್‌ವರ್ಡ್ ಡಬ್ಬಿಯೇ ಕಾಣುತ್ತದೆ.

ಸರ್ವರಿನ ಮುಂದೆ ಒಂದು ಪ್ರಾಕ್ಸಿ (ಬೇಡಿಕೆಯನ್ನು ತಾನು ಪಡೆದು ಹಿಂದಿನ ಸರ್ವರಿಗೆ ದಾಟಿಸುವ ಸರ್ವರ್) ಇದ್ದರೆ ಇನ್ನೂ ಎಚ್ಚರ ಬೇಕು. ಪ್ರಾಕ್ಸಿ ಅದೇ ಮೆಷಿನ್ನಿನಲ್ಲಿದ್ದು ಹಿಂದಿನ ಅಪಾಚೆಯಲ್ಲಿ 127.0.0.1ಕ್ಕೆ (ಮೆಷಿನ್ ತನ್ನನ್ನು ತಾನೇ ಕರೆಯುವ ಐಪಿ) ಅನುಮತಿ ಕೊಟ್ಟಿದ್ದರೆ ಇಡೀ ಪ್ರಪಂಚವೇ 127.0.0.1ರಿಂದ ಬಂದಂತೆ ಕಾಣುತ್ತದೆ, ಒಬ್ಬರಿಗೂ ತಡೆ ಇರುವುದಿಲ್ಲ. ಬಂದವರ ನಿಜವಾದ ಐಪಿ ತಿಳಿಯಲು ಅಪಾಚೆಯಲ್ಲಿ ರಿಮೋಟ್-ಐಪಿ ಮಾಡ್ಯೂಲ್, ಎಂಜಿನ್‌ಎಕ್ಸ್‌ನಲ್ಲಿ ರಿಯಲ್-ಐಪಿ ಮಾಡ್ಯೂಲ್ ಬಳಸಿ, ಆದರೆ ನಂಬಬೇಕಾದ ಪ್ರಾಕ್ಸಿ ವಿಳಾಸವನ್ನು ಮಾತ್ರ ಹೆಸರಿಸಿ. ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನು (ಬೇಡಿಕೆಯ ಜೊತೆ ಹೋಗುವ ಮಾಹಿತಿ ಸಾಲು, ಮೂಲ ಐಪಿಯನ್ನು ಪ್ರಾಕ್ಸಿ ಇದರಲ್ಲಿ ಹೇಳುತ್ತದೆ) ಯಾರು ಬೇಕಾದರೂ ಕೈಯಾರೆ ಬರೆದು ಕಳಿಸಬಹುದು.

ಪಾಸ್‌ವರ್ಡ್ ಕಡೆಗೆ ಬರೋಣ. ಬೇಸಿಕ್ ವಿಧಾನದಲ್ಲಿ ಹೆಸರು, ಪಾಸ್‌ವರ್ಡ್ ಬರೀ ಬೇಸ್64 (ಅಕ್ಷರಗಳನ್ನು ಬೇರೆ ಥರ ಬರೆಯುವ ಕ್ರಮ) ರೂಪದಲ್ಲಿ ಹೋಗುತ್ತವೆ, ಅದು ಗುಟ್ಟಲ್ಲ. ಎಚ್‌ಟಿಟಿಪಿಎಸ್ ಇಲ್ಲದೆ ಮುಂದೆ ಹೋಗಬೇಡಿ. ಅಪಾಚೆಯ ಎಚ್‌ಟಿಪಾಸ್‌ಡಬ್ಲ್ಯುಡಿ (ಪಾಸ್‌ವರ್ಡ್ ಫೈಲ್ ಮಾಡುವ ಆಜ್ಞೆ) ಬಳಸುವಾಗ ದೊಡ್ಡಕ್ಷರದ ‘ಬಿ’ ಆಪ್ಷನ್ ಕೊಟ್ಟರೆ ಬಿಕ್ರಿಪ್ಟ್ ಹ್ಯಾಶ್ (ವಾಪಸ್ ಪಾಸ್‌ವರ್ಡ್ ಮಾಡಲಾಗದ ರೂಪ) ಸಿಗುತ್ತದೆ. ಚಿಕ್ಕ ‘ಸಿ’ ಆಪ್ಷನ್ ಮೊದಲ ಹೆಸರು ಸೇರಿಸುವಾಗ ಮಾತ್ರ. ಎರಡನೇ ಸಲವೂ ಕೊಟ್ಟರೆ ಹಳೆಯ ಹೆಸರುಗಳೆಲ್ಲ ಅಳಿಸಿಹೋಗುತ್ತವೆ.

ಆಫೀಸಿನವರ ಹೆಸರುಗಳು, ಎಲ್ಲರ ಹೆಸರು ಮತ್ತು ಪಾಸ್‌ವರ್ಡ್ ಒಂದೇ ಕಡೆ ಇಡುವ ಎಲ್‌ಡ್ಯಾಪ್‌ನಲ್ಲಿದ್ದು ಆಡಿಟರ್ ಹೆಸರು ಮಾತ್ರ ಫೈಲಿನಲ್ಲಿದ್ದರೆ, ಅಪಾಚೆಯಲ್ಲಿ ‘ಆತ್‌ಬೇಸಿಕ್‌ಪ್ರೊವೈಡರ್ ಫೈಲ್ ಎಲ್‌ಡ್ಯಾಪ್’ ಅಂತ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬಹುದು. ಈ ಕ್ರಮಕ್ಕೆ ಬೆಲೆಯಿದೆ. ಮೊದಲನೆಯದರಲ್ಲಿ ಹೆಸರೇ ಇಲ್ಲದಿದ್ದರೆ ಮಾತ್ರ ಎರಡನೆಯದನ್ನು ನೋಡುತ್ತದೆ. ಹೆಸರು ಇದ್ದು ಪಾಸ್‌ವರ್ಡ್ ತಪ್ಪಾದರೆ ಅಲ್ಲೇ ಮುಗಿಯಿತು. ಹಾಗಾಗಿ ಒಬ್ಬರ ಹೆಸರು ಎರಡೂ ಕಡೆ ಇರಬಾರದು, ಇದ್ದರೆ ಅವರು ಎಲ್‌ಡ್ಯಾಪ್‌ನಲ್ಲಿ ಪಾಸ್‌ವರ್ಡ್ ಬದಲಿಸಿದ ದಿನದಿಂದ ಒಳಗೆ ಬರಲಾಗದೆ ಫೋನ್ ಮಾಡುತ್ತಾರೆ. ಫೈಲನ್ನು ಮುಂದೆ ಇಡುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು: ಎಲ್‌ಡ್ಯಾಪ್ ಸರ್ವರ್ ಬಿದ್ದುಹೋದ ದಿನವೂ ಫೈಲಿನಲ್ಲಿರುವ ಅಡ್ಮಿನ್ ಹೆಸರಿನಿಂದ ಒಳಗೆ ಹೋಗಬಹುದು.

ಒಂದು ಜಾಗಕ್ಕೆ ಅಪಾಚೆ ಒಂದೇ ‘ಆತ್‌ಟೈಪ್’ (ಲಾಗಿನ್ ವಿಧಾನ) ಕೊಡಲು ಬಿಡುತ್ತದೆ. ಬ್ರೌಸರಿನವರಿಗೆ ಓಪನ್‌ಐಡಿ ಕನೆಕ್ಟ್ (ಬೇರೆ ಕಡೆಯ ಖಾತೆಯಿಂದ ಲಾಗಿನ್ ಆಗುವ ವಿಧಾನ), ಸ್ಕ್ರಿಪ್ಟಿಗೆ ಬೇಸಿಕ್ ಬೇಕು ಅಂದರೆ ಒಂದೇ ವಿಳಾಸದಲ್ಲಿ ಸರ್ಕಸ್ ಮಾಡುವ ಬದಲು ಸ್ಕ್ರಿಪ್ಟಿಗೇ ಬೇರೆ ದಾರಿ ಕೊಡಿ. ಎಂಜಿನ್‌ಎಕ್ಸ್‌ನಲ್ಲಿ ಇಂಥ ಕೆಲಸಕ್ಕೆ ‘ಆತ್ ರಿಕ್ವೆಸ್ಟ್’ ಇದೆ. ಪ್ರತಿ ಬೇಡಿಕೆಗೂ ಅದು ಒಳಗಿನ ಒಂದು ಸೇವೆಯನ್ನು ಕೇಳುತ್ತದೆ, 200ರ ಸಾಲಿನ (ಸರಿ ಅನ್ನುವ) ಉತ್ತರ ಬಂದರೆ ಬಿಡುತ್ತದೆ, 401 (ಲಾಗಿನ್ ಬೇಕು) ಅಥವಾ 403 (ಅನುಮತಿ ಇಲ್ಲ) ಬಂದರೆ ತಡೆಯುತ್ತದೆ. ಸ್ಯಾಟಿಸ್ಫೈ ನಿಯಮ ಇದಕ್ಕೂ ಅನ್ವಯ.

‘ಒಂದಿದ್ದರೆ ಸಾಕು’ ಅಂದಾಗ ಹುಟ್ಟುವ ಒಂದು ತೂತಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಾರ್ಖಾನೆಯೊಳಗಿನಿಂದ ಐಪಿ ಮೇಲೆ ಒಳಬಂದವರು ಯಾರು? ಸರ್ವರಿಗೆ ಗೊತ್ತಿಲ್ಲ. ಅಪಾಚೆಯಲ್ಲಿ ಆಗ ಯೂಸರ್ ಹೆಸರು ಖಾಲಿ ಇರುತ್ತದೆ, ಲಾಗಿನಲ್ಲಿ ಬರೀ ಗೆರೆ. ಎಂಜಿನ್‌ಎಕ್ಸ್‌ನಲ್ಲಿ ಹಾಗಲ್ಲ. ‘ರಿಮೋಟ್ ಯೂಸರ್’ ಅನ್ನುವ ವೇರಿಯಬಲ್ ಬೇಡಿಕೆಯ ಜೊತೆ ಬಂದ ಹೆಡರಿನಿಂದ ಹೆಸರನ್ನು ಸುಮ್ನೆ ಎತ್ತಿಕೊಳ್ಳುತ್ತದೆ, ಪಾಸ್‌ವರ್ಡ್ ಸರಿಯಿತ್ತಾ ಅಂತ ಯಾರೂ ನೋಡಿರುವುದಿಲ್ಲ, ಯಾಕಂದರೆ ಐಪಿ ಪಾಸಾದ ಕೂಡಲೇ ಪರೀಕ್ಷೆ ಮುಗಿದಿದೆ. ಒಳಗಿನ ಯಾರಾದರೂ ಮಾಲೀಕರ ಹೆಸರು, ಬಾಯಿಗೆ ಬಂದ ಪಾಸ್‌ವರ್ಡ್ ಕಳಿಸಿದರೆ ನಿಮ್ಮ ಅಪ್ಲಿಕೇಶನ್ನಿಗೆ ಮಾಲೀಕರೇ ಬಂದಂತೆ. ಆದ್ದರಿಂದ ‘ಎನಿ’ ಇರುವ ಕಡೆ ಆ ಹೆಸರನ್ನು ನಂಬಿ ಬಿಲ್ ಪಾಸ್ ಮಾಡುವಂಥ ಕೆಲಸ ಇಡಬೇಡಿ. ಯಾರು ಅನ್ನುವುದು ಮುಖ್ಯವಾದ ಪುಟಕ್ಕೆ ಐಪಿ ರಿಯಾಯಿತಿ ಬೇಡ.

ಇದೇ ರೀತಿ, ಯೂಸರ್ ಹೆಸರನ್ನು ಹೆಡರಿನಲ್ಲಿ ಹಿಂದಿನ ಅಪ್ಲಿಕೇಶನ್ನಿಗೆ ದಾಟಿಸುವಾಗ ಹೊರಗಿನಿಂದ ಅದೇ ಹೆಡರ್ ಬಂದಿದ್ದರೆ ಅದನ್ನು ಅಳಿಸಿ ನಿಮ್ಮದನ್ನೇ ಬರೆಯಿರಿ. ಎಂಜಿನ್‌ಎಕ್ಸ್‌ನ ಒಳಗಿನ ಬ್ಲಾಕಿನಲ್ಲಿ ಒಂದೇ ಒಂದು ‘ಪ್ರಾಕ್ಸಿ ಸೆಟ್ ಹೆಡರ್’ ಸಾಲು ಹಾಕಿದರೂ ಹೊರಗಿನ ಬ್ಲಾಕಿನವು ಯಾವುವೂ ಬರುವುದಿಲ್ಲ, ಎಲ್ಲವನ್ನೂ ಮತ್ತೆ ಬರೆಯಬೇಕು. ಹೊರಗಿನವರು ನೇರ ಮುಟ್ಟದಂತೆ ಅಪ್ಲಿಕೇಶನ್ 127.0.0.1ರಲ್ಲಿ ಮಾತ್ರ ಬೇಡಿಕೆಗೆ ಕಿವಿಗೊಡಲಿ.

‘ಎರಡೂ ಬೇಕು’ ಅಂದಾಗ ಎರಡು ಬೇರೆ ಜಾತಿಯವಾಗಿರಲಿ. ಎರಡು ಪಾಸ್‌ವರ್ಡ್ ಕೇಳಿದರೆ ಏನೂ ಹೆಚ್ಚಾಗಲಿಲ್ಲ. ಮನೆಯಿಂದ ಲೆಕ್ಕ ನೋಡುವವರ ಲ್ಯಾಪ್‌ಟಾಪಿಗೆ ಕ್ಲೈಂಟ್ ಸರ್ಟಿಫಿಕೇಟ್ (ಆ ಮೆಷಿನ್ನಿನ ಡಿಜಿಟಲ್ ಗುರುತಿನ ಚೀಟಿ) ಹಾಕಿ, ಜೊತೆಗೆ ಪಾಸ್‌ವರ್ಡ್ ಕೇಳಿ. ಲ್ಯಾಪ್‌ಟಾಪ್ ಕಳೆದರೂ, ಪಾಸ್‌ವರ್ಡ್ ಸೋರಿದರೂ ಒಂದರಿಂದಲೇ ಒಳಗೆ ಬರಲಾಗದು. ಅಪಾಚೆಯಲ್ಲಿ ‘ಎಸ್‌ಎಸ್‌ಎಲ್‌ವೆರಿಫೈಕ್ಲೈಂಟ್ ಆಪ್ಷನಲ್’ ಇಟ್ಟು, ರಿಕ್ವೈರ್‌ಆಲ್ ಒಳಗೆ ‘ರಿಕ್ವೈರ್ ಎಸ್‌ಎಸ್‌ಎಲ್-ವೆರಿಫೈ-ಕ್ಲೈಂಟ್’ ಮತ್ತು ‘ರಿಕ್ವೈರ್ ವ್ಯಾಲಿಡ್-ಯೂಸರ್’ ಹಾಕಿದರೆ ಆಯಿತು. ಆಪ್ಷನಲ್ ಯಾಕೆ ಅಂದರೆ ಅದೇ ಸೈಟಿನ ಬೇರೆ ಫೋಲ್ಡರುಗಳಿಗೆ ಸರ್ಟಿಫಿಕೇಟ್ ಇಲ್ಲದ ಶಾಪ್ ಫ್ಲೋರಿನವರೂ ಬರಬೇಕಲ್ಲ.

ರೀಲೋಡ್ ಮಾಡುವ ಮೊದಲು ಅಪಾಚೆಯ ಕಾನ್ಫಿಗ್‌ಟೆಸ್ಟ್ ಅಥವಾ ಎಂಜಿನ್‌ಎಕ್ಸ್‌ನ ‘ಟಿ’ ಆಪ್ಷನ್ ಓಡಿಸಿ, ಆದರೆ ಅದು ಕಾಗುಣಿತ ಮಾತ್ರ ನೋಡುತ್ತದೆ, ನಿಮ್ಮ ನಿಯಮ ಸರಿಯಿದೆಯಾ ಅಂತಲ್ಲ. ನಿಜವಾದ ಪರೀಕ್ಷೆ, ವೆಬ್ ವಿಳಾಸಕ್ಕೆ ಬೇಡಿಕೆ ಕಳಿಸುವ ಆಜ್ಞೆಯಾದ ಕರ್ಲ್‌ನಿಂದ. ಹಾಳೆಯಲ್ಲಿ ಬರೆದ ಪ್ರತಿ ಸಾಲಿಗೂ ಒಳಗಿನಿಂದ ಒಮ್ಮೆ, ಫೋನಿನ ಹಾಟ್‌ಸ್ಪಾಟಿನಿಂದ ಒಮ್ಮೆ. ಪಾಸ್‌ವರ್ಡ್ ಇಲ್ಲದೆ, ತಪ್ಪು ಪಾಸ್‌ವರ್ಡ್ ಕೊಟ್ಟು, ಸರಿಯಾದದ್ದು ಕೊಟ್ಟು. ಬ್ರೌಸರಿನಲ್ಲಿ ಪರೀಕ್ಷೆ ಬೇಡ, ಅದು ಹಳೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ತಾನೇ ಕಳಿಸುತ್ತಿರುತ್ತದೆ. ಎಂಜಿನ್‌ಎಕ್ಸ್‌ನ ‘ಎನಿ’ ಬ್ಲಾಕಿಗೆ ಹೊರಗಿನಿಂದ ಬರಿಗೈಲಿ ಬಂದರೆ 401 ಬರಬೇಕು. ‘ಆಲ್’ ಬ್ಲಾಕಿಗೆ ಬೇರೆ ಐಪಿಯಿಂದ ಬಂದರೆ ಪಾಸ್‌ವರ್ಡ್ ಕೇಳದೆಯೇ 403. ಎಲ್ಲಾದರೂ 200 ಅನಿರೀಕ್ಷಿತವಾಗಿ ಕಂಡರೆ ಅಲ್ಲೇ ನಿಲ್ಲಿಸಿ.

ಕೆಲಸ ಬಿಟ್ಟು ಹೋದವರನ್ನು ತೆಗೆಯುವ ದಾರಿಯನ್ನೂ ಇವತ್ತೇ ಬರೆದಿಡಿ, ಯಾಕಂದರೆ ಈಗ ಒಬ್ಬರ ಪ್ರವೇಶ ಮೂರು ಕಡೆ ಇರಬಹುದು: ಫೈಲ್, ಎಲ್‌ಡ್ಯಾಪ್, ಸರ್ಟಿಫಿಕೇಟ್. ಮೊದಲೆರಡರಲ್ಲಿ ಹೆಸರು ಅಳಿಸಿದರೆ ಸಾಕು. ಸರ್ಟಿಫಿಕೇಟಿಗೆ ರದ್ದತಿ ಪಟ್ಟಿ ಬೇಕು, ಎಂಜಿನ್‌ಎಕ್ಸ್‌ನಲ್ಲಿ ಅದನ್ನು ‘ಎಸ್‌ಎಸ್‌ಎಲ್ ಸಿಆರ್‌ಎಲ್’ ಸಾಲಿನಲ್ಲಿ ಕೊಡಿ. ಅಪಾಚೆಯಲ್ಲಿ ಪಟ್ಟಿಯ ಫೈಲ್ ತೋರಿಸಿದರೆ ಮಾತ್ರ ಸಾಲದು, ‘ಎಸ್‌ಎಸ್‌ಎಲ್‌ಸಿಎ‌ರೆವೊಕೇಶನ್‌ಚೆಕ್’ ಡೀಫಾಲ್ಟಾಗಿ ‘ನನ್’ ಇರುತ್ತದೆ, ಅದನ್ನು ‘ಚೈನ್’ ಅಥವಾ ‘ಲೀಫ್’ ಮಾಡಿ, ರದ್ದಾದ ಒಂದು ಸರ್ಟಿಫಿಕೇಟ್ ಹಿಡಿದು ಕರ್ಲ್‌ನಿಂದ ಒಮ್ಮೆ ಬಾಗಿಲು ತಟ್ಟಿ ನೋಡಿ.