ಹಳ್ಳಕ್ಕೆ ಮಣ್ಣಿನ ಏರಿ: ಮೊದಲು ಕೋಡಿ, ಆಮೇಲೆ ಕಟ್ಟೆ

ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳ ತಪ್ಪಲಿನ ಹಳ್ಳಗಳು ವರ್ಷದ ಬಹುಪಾಲು ಒಣಗಿದ್ದರೂ ಒಂದು ರಾತ್ರಿಯ ಜೋರು ಮಳೆಗೆ ಉಕ್ಕಿ ಕೆಳಗಿನ ಹೊಲಗಳಿಗೆ ನುಗ್ಗಬಲ್ಲವು. ಆ ನೀರನ್ನು ತಡೆದು ನಿಧಾನವಾಗಿ ಬಿಡಲು ಕಟ್ಟುವ ಏರಿಯನ್ನು ಕೆರೆ ಏರಿಯೆಂದು ಭಾವಿಸಬಾರದು. ಕೆರೆ ತುಂಬಿದ್ದರೆ ಚೆಂದ. ಇದು ಮಳೆಗೆ ಮುನ್ನ ಖಾಲಿಯಿರಬೇಕು.

ಒಂದು ಹೆಕ್ಟೇರಿನ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ 100 ಘನ ಮೀಟರ್ ನೀರಾಗುತ್ತದೆ. 100 ಹೆಕ್ಟೇರಿನ ಮೇಲೆ 5 ಸೆಂ.ಮೀ. ಸುರಿದು, ಅದರಲ್ಲಿ ಅರ್ಧ ಹರಿದು ಬಂದರೂ 25,000 ಘನ ಮೀಟರ್. ಏರಿಯೊಳಗೆ ನೀರು ನಿಲ್ಲುವ ಅಂಗಳದಲ್ಲಿ ಹಿಡಿಯದೆ ಮಿಕ್ಕಿದ್ದು ಕೋಡಿಯಲ್ಲಿಯೇ ಹೋಗಬೇಕು, ಏಕೆಂದರೆ ನೀರು ಏರಿಯ ಮೇಲೆ ಹತ್ತಿ ಹರಿದರೆ ಮಣ್ಣಿನ ಕಟ್ಟೆ ಉಳಿಯುವುದಿಲ್ಲ. ಆದ್ದರಿಂದ ಕೋಡಿಯನ್ನು ಹೊಸದಾಗಿ ತುಂಬಿದ ಮಣ್ಣಿನ ಮೇಲಲ್ಲ, ಪಕ್ಕದ ಗಟ್ಟಿ ನೆಲವನ್ನು ಕಡಿದು ಮಾಡಬೇಕು. ಅಗಲವನ್ನು ಎಂಜಿನಿಯರ್ ಲೆಕ್ಕ ಹಾಕಿಯೇ ಗೊತ್ತುಮಾಡಬೇಕು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಕಲ್ಲಿನ ಕಟ್ಟೆಯೇ ಹೌದು, ಆದರೆ 1933ರಲ್ಲಿ ಕೋಡಿ ಬಿದ್ದ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಷ್ಟೋ ವರ್ಷದಿಂದ ಹರಿದಿಲ್ಲವೆಂದು ಕೋಡಿಯನ್ನು ಕಿರಿದುಮಾಡುವವರು ಇದನ್ನು ನೆನೆಯಬೇಕು.

ಏರಿಯ ಅಡಿಯಲ್ಲಿ ಹುಲ್ಲು, ಬೇರು, ಸಡಿಲ ಮೇಲ್ಮಣ್ಣನ್ನು ಪೂರ್ತಿ ತೆಗೆದು, ನಡುವೆ ಉದ್ದಕ್ಕೂ ಗಟ್ಟಿ ನೆಲ ಸಿಗುವವರೆಗೆ ಕಾಲುವೆ ತೋಡಿ ಜಿಗುಟು ಮಣ್ಣನ್ನು ತುಂಬಿ ದಮ್ಮಸು ಮಾಡಬೇಕು. ಬರಿಯ ಎರೆಮಣ್ಣಿನಿಂದ ಏರಿ ಕಟ್ಟಬೇಡಿ: ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಆ ಮಣ್ಣು, ಸದಾ ಒಣಗಿರುವ ಈ ಕಟ್ಟೆಯಲ್ಲಿ ಕೆರೆ ಏರಿಗಿಂತ ಹೆಚ್ಚು ಸೀಳುತ್ತದೆ. ಜೇಡಿ ಬೆರೆತ ಕೆಮ್ಮಣ್ಣು ಉತ್ತಮ. ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆಯಾಗಿ ನಿಂತು ಕೈಗೆ ನೀರು ಬಿಡದಷ್ಟು ಹಸಿ ಇರುವಾಗ, ಸುಮಾರು 15 ಸೆಂ.ಮೀ. ಪದರವಾಗಿ ಹರಡಿ ರೋಲರ್ ಓಡಿಸಬೇಕು. ಟ್ರ್ಯಾಕ್ಟರ್ ನಾಲ್ಕು ಸಲ ಹೋಗಿಬಂದರೆ ದಮ್ಮಸು ಆಯಿತೆನ್ನುವ ಮಾತನ್ನು ನಂಬಬಾರದು. ಇಳಿಜಾರಿನ ಅಡ್ಡ ಹರವು ನೀರಿನ ಕಡೆ ಎತ್ತರದ ಮೂರು ಪಟ್ಟು, ಹಿಂಬದಿ ಎರಡು ಪಟ್ಟಿಗಿಂತ ಕಡಿಮೆಯಿಲ್ಲದಿರಲಿ. ಮಣ್ಣು ಕುಸಿದು ಕೂರುವುದಕ್ಕೆ ಎತ್ತರವನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿ.

ತಡೆದ ನೀರನ್ನು ನಿಧಾನವಾಗಿ ಬಿಡಲು ಏರಿಯ ತಳದಲ್ಲಿ ಇಡುವ ಕೊಳವೆ ಸದಾ ತೆರೆದಿರಬೇಕು. ಗೇಟು ಇಟ್ಟರೆ, ಬೇಸಿಗೆಗೆ ನೀರಿರಲಿ ಎಂದು ಯಾರಾದರೊಬ್ಬರು ಮುಚ್ಚಿಯೇ ತೀರುತ್ತಾರೆ. ಕೊಳವೆಯ ಸುತ್ತಲಿನ ಮಣ್ಣನ್ನು ಕೈದಿಮ್ಮಸಿಯಿಂದಲೇ ಬಿಗಿಮಾಡಿ, ಹಿಂಬದಿಯ ತುದಿಯಲ್ಲಿ ಸುತ್ತ ಮರಳನ್ನು ತುಂಬಬೇಕು. ನೀರು ಕದ್ದು ದಾರಿ ಮಾಡಿಕೊಳ್ಳುವುದು ಅಲ್ಲಿಯೇ.

ಏರಿಯ ಮೇಲೆ ಹುಟ್ಟುವ ಬಳ್ಳಾರಿ ಜಾಲಿಯನ್ನು ಸಸಿಯಿರುವಾಗಲೇ ಕೀಳಬೇಕು, ಹೆಗ್ಗಣದ ಬಿಲಗಳನ್ನು ಅಗೆದು ಮುಚ್ಚಬೇಕು. ಮಳೆಗಾಲದಲ್ಲಿ ಹಿಂಬದಿಯ ಪಾದದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಗಮನವಿಟ್ಟರೆ ಸಾಕು. ಕದಡಿದ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ, ಕೆಳಗಿನ ಮನೆಗಳವರನ್ನು ಆ ಕ್ಷಣವೇ ಎಬ್ಬಿಸಬೇಕು.