ಇಬ್ರಾಹಿಂ ರೋಜಾದ ಗೋಡೆಗೆ ಬಿಳಿ ಪಂಚೆಯ ಬೆಳಕು

ವಿಜಯಪುರದಲ್ಲಿರುವ ಆದಿಲ್ ಶಾಹಿ ಸುಲ್ತಾನನ ಸಮಾಧಿ, ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಕೆತ್ತಿದ ಬರಹ ಫ್ಲ್ಯಾಶ್ ಇಲ್ಲದೆ, ಟ್ರೈಪಾಡ್ ಇಲ್ಲದೆ ಫೋಟೋದಲ್ಲಿ ಎದ್ದು ಬರುವುದಿಲ್ಲ ಎಂದು ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಕ್ಯಾಮೆರಾ ಹಿಡಿಯುವವರೆಲ್ಲ ಹೇಳುತ್ತಿದ್ದರು. ಈ ಜನವರಿಯಲ್ಲಿ ಬಂತು. ಅಕ್ಷರದ ಅಂಚು, ಬಳ್ಳಿಯ ಸುರುಳಿ ಎಲ್ಲ ಎಣಿಸಬಹುದು. ಬೆಳಕು ಕೊಟ್ಟದ್ದು ಮನೆಯ ಬಿಳಿ ಪಂಚೆ.

ಮೊದಲ ಮೂರು ಸಲ ಹೋಗಿ ಬಂದದ್ದು ವ್ಯರ್ಥ. ಸಲಕ್ಕೆ ಹತ್ತಿರ ಹತ್ತಿರ 2,200 ರೂಪಾಯಿ. ಸಂಜೆಯ ಹುತಾತ್ಮ ಎಕ್ಸ್‌ಪ್ರೆಸ್ ಹಿಡಿದು ಸೊಲ್ಲಾಪುರದಲ್ಲಿ ರಾತ್ರಿ ಉಳಿದರೆ ಲಾಡ್ಜಿನಲ್ಲಿ ಇನ್ನೂರು ಉಳಿಯುತ್ತದೆ, ಆದರೆ ಬೆಳಗಿನ ಬಸ್ಸು ವಿಜಯಪುರ ಮುಟ್ಟುವಷ್ಟರಲ್ಲಿ ಹತ್ತಾಗಿರುತ್ತದೆ. ಆಗ ಸೂರ್ಯ ಮೇಲೇರಿ, ಸಮಾಧಿಯ ಸುತ್ತಲಿನ ಎರಡು ಸಾಲಿನ ಮೊಗಸಾಲೆ ಬಿಸಿಲನ್ನು ಹೊರಗೇ ತಡೆಯುತ್ತದೆ. ವಿಜಯಪುರದಲ್ಲೇ ಉಳಿಯಿರಿ. ಚಳಿಗಾಲದಲ್ಲಿ ಏಳೂವರೆಯಿಂದ ಒಂಬತ್ತರವರೆಗಿನ ಓರೆ ಬಿಸಿಲು ಪೂರ್ವ, ದಕ್ಷಿಣದ ಕಮಾನುಗಳೊಳಗೆ ನುಗ್ಗುತ್ತದೆ. ಅದೇ ಆವರಣದ ಮಸೀದಿಗೆ ಎದುರಾದ ಪಶ್ಚಿಮದ ಗೋಡೆ ಸಂಜೆಗೆ.

ಕಲ್ಲು ಕಪ್ಪು, ಉಬ್ಬು ಬಲು ತೆಳು. ನೇರ ಬೆಳಕು ಬಿದ್ದರೆ ಕೆತ್ತನೆಯೇ ಮಾಯ. 1,400 ಕೊಟ್ಟು ತಂದ ಬೆಳ್ಳಿ ರಿಫ್ಲೆಕ್ಟರ್ ನುಣುಪು ಕಲ್ಲಿನ ಮೇಲೆ ಬೆಳ್ಳನೆಯ ಮಚ್ಚೆ ಮಾಡಿತು. 60 ರೂಪಾಯಿಯ ಥರ್ಮೋಕೋಲ್ ಬೆಳಕಿಗೆ ಒಳ್ಳೆಯದೇ, ರೈಲಿನಲ್ಲೇ ಎರಡು ತುಂಡಾಯಿತು. ಪಂಚೆಯನ್ನು ಮೊದಲು ನೆಲದ ಮೇಲೆ ಹಾಸಿ ನೋಡಿದೆ. ಬೆಳಕು ಕೆಳಗಿನಿಂದ ಬಂದು, ಉಬ್ಬಿದ ಅಕ್ಷರಗಳು ಫೋಟೋದಲ್ಲಿ ತಗ್ಗಾಗಿ ಕಂಡವು. ಬೆಳಕು ಮೇಲಿನಿಂದ ಬರುತ್ತದೆಂದೇ ಕಣ್ಣಿಗೆ ರೂಢಿ, ಅದಕ್ಕೇ ಈ ಮೋಸ. ಒಂದು ಇಡೀ ಬೆಳಗಿನ ಚಿತ್ರಗಳು ಹಾಗೇ ಹೋದವು.

ಈಗ ಮಾಡುವ ಕ್ರಮ ಇದು. ಪಂಚೆಯನ್ನು ನಾಲ್ಕು ಪದರ ಮಡಿಸಬೇಕು, ಒಂದೇ ಪದರವಾದರೆ ಬೆಳಕು ಹಿಂದಕ್ಕೆ ಸೋರುತ್ತದೆ. ಬಣ್ಣದ ಅಂಚು ಒಳಮಡಿಕೆಗೆ ಹೋಗಲಿ. ಗಂಜಿ ಹಾಕಿ ಇಸ್ತ್ರಿ ಮಾಡಿದ್ದರೆ ಗಾಳಿಗೆ ಪಟಪಟ ಅನ್ನುವುದಿಲ್ಲ. ನೀಲಿ ಮಾತ್ರ ಹಾಕಬೇಡಿ: ನೀಲಿ ಹಾಕಿದ ಪಂಚೆ ಕಲ್ಲಿಗೂ ನೀಲಿ ಛಾಯೆ ಕೊಡುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಹದಕ್ಕೆ ಬರುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಬಿಸಿಲಿನಲ್ಲಿ ನಿಲ್ಲಬೇಕು, ಕೆತ್ತನೆಯ ಪಕ್ಕಕ್ಕೆ, ಅದೇ ಎತ್ತರದಲ್ಲಿ. ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಂತೆ ಪಂಚೆಯನ್ನು ತಿರುಗಿಸುತ್ತ ಬಂದರೆ ಒಂದು ಹಂತದಲ್ಲಿ ಪ್ರತಿ ಅಕ್ಷರದ ಮಗ್ಗುಲಿಗೆ ಕೂದಲೆಳೆಯಷ್ಟು ನೆರಳು ಮೂಡುತ್ತದೆ. ಅಲ್ಲೇ ನಿಲ್ಲಿಸಿ. ಕಂಬಕ್ಕೆ ಕಟ್ಟುವುದು, ಗೋಡೆಗೆ ತಾಗಿಸುವುದು ಕೂಡದು. ಮೊದಲೇ ಕಾವಲುಗಾರರನ್ನು ಕೇಳಿಕೊಂಡರೆ ತಕರಾರಿಲ್ಲ.

ಟ್ರೈಪಾಡಿನ ಬದಲು ದಾರ. ಕ್ಯಾಮೆರಾ ತಳಕ್ಕೆ ಕಾಲಿಂಚಿನ ಬೋಲ್ಟ್, ಅದಕ್ಕೆ ಗಟ್ಟಿ ದಾರ, ಇನ್ನೊಂದು ತುದಿ ಪಾದದಡಿ. ಮೇಲಕ್ಕೆ ಎಳೆದು ಹಿಡಿದರೆ 1/15 ಸೆಕೆಂಡಿನಲ್ಲೂ ಕೈ ಅಲುಗದು. 50 ಎಂಎಂ ಲೆನ್ಸ್, ಅಪರ್ಚರ್ 5.6, ಐಎಸ್ಒ ನಾನೂರರಿಂದ ಎಂಟುನೂರು. ಕಪ್ಪು ಕಲ್ಲನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದಿ ಬಣ್ಣಕ್ಕೆ ಎಳೆಯುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ ಇಳಿಸಿ. ಮೊಬೈಲಿನಲ್ಲಿ ಎಚ್‌ಡಿಆರ್ ಆಫ್ ಮಾಡಿ, ಅದು ಇರುವ ನೆರಳನ್ನೂ ಅಳಿಸಿಬಿಡುತ್ತದೆ.

ಅಭ್ಯಾಸಕ್ಕೆ ವಿಜಯಪುರದವರೆಗೆ ಹೋಗಬೇಕಿಲ್ಲ. ಪುಣೆಯಲ್ಲೇ ಜಂಗ್ಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆಯದೂ ಇದೇ ದಖನ್ನಿನ ಕಪ್ಪು ಕಲ್ಲು. ಮೂಲೆಯ ಕಂಬದ ಮೇಲೆ ಬೆಳಕು ಹೇಗೆ ಜಾರುತ್ತದೆ ಎಂಬುದನ್ನು ಅಲ್ಲೇ ಕಲಿಯಬಹುದು, ಬಸ್ ಚಾರ್ಜಿನಲ್ಲಿ.

ಸಮಾಧಿ ಕೋಣೆಯ ಒಳಗೆ ಪಂಚೆ ನಡೆಯುವುದಿಲ್ಲ. ಕೋಣೆ ಸುಮಾರು ನಲವತ್ತು ಅಡಿ ಚೌಕ, ಮೇಲೆ ಆಧಾರವೇ ಕಾಣದ ಚಪ್ಪಟೆ ಕಲ್ಲಿನ ಛಾವಣಿ. ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕಿಟಕಿಗಳಿಂದ ಬೆಳಕು ಜಿನುಗುತ್ತದೆ ಅಷ್ಟೆ. ಹತ್ತು ನಿಮಿಷ ಸುಮ್ಮನೆ ನಿಂತು ಕಣ್ಣು ಹೊಂದಿಸಿಕೊಂಡರೆ ಛಾವಣಿಯ ಸಂದುಗಳು ಕಾಣತೊಡಗುತ್ತವೆ. ಇದನ್ನು ಕಟ್ಟಿದ ಮಲಿಕ್ ಸಂದಲ್‌ನ ಕೆಲಸ ಇಷ್ಟು ನವಿರು, ಊರಿನ ಆ ತುದಿಯ ಗೋಲ್ ಗುಂಬಜದ ಎದುರು ಮಾತ್ರ ಇದನ್ನು ಯಾರೂ ಹೊತ್ತು ಕೊಟ್ಟು ನೋಡುವುದಿಲ್ಲ. ನೆಲದ ಮೇಲೆ ಅಂಗೈಯಗಲ ಕನ್ನಡಿ ಇಟ್ಟು ಛಾವಣಿಯನ್ನು ಅದರಲ್ಲಿ ಸೆರೆ ಹಿಡಿದೆ. ಎರಡರಲ್ಲಿ ಒಂದು ಚಿತ್ರ ಚೆನ್ನಾಗಿ ಬಂದಿದೆ, ಇನ್ನೊಂದರಲ್ಲಿ ಕನ್ನಡಿಯ ಧೂಳೇ ಜಾಸ್ತಿ.

ಉತ್ತರದ ಗೋಡೆಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಅಲ್ಲಿಗೆ ಎರಡು ಪಂಚೆ ಬೇಕು, ಒಂದರಿಂದ ಇನ್ನೊಂದಕ್ಕೆ ಬೆಳಕು ದಾಟಿಸಬೇಕು. ಎರಡರ ನಡುವಿನ ಅಂತರ, ಕೋನ ಸದ್ಯಕ್ಕೆ ನನ್ನಲ್ಲೇ ಇರಲಿ.