ಜೋರ್ಡನ್ ನದಿಯ ಚಿತ್ರದ ಮುಂದೆ ಕೂತು: ನನ್ನ ಅನುಭವ

ಎಂಟು ತಿಂಗಳು ನಾನು ಒಂದು ಚಿತ್ರದ ಮುಂದೆ ಕೂತು ಪ್ರಾರ್ಥನೆ ಮಾಡಿದೆ. ಆ ಚಿತ್ರದಲ್ಲಿ ಇರಬೇಕಾದ ಒಬ್ಬ ಮನುಷ್ಯ ನನ್ನ ಪ್ರತಿಯಲ್ಲಿ ಇಲ್ಲವೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಚಿತ್ರ ಯೇಸುಸ್ವಾಮಿಯ ಸ್ನಾನದೀಕ್ಷೆಯದು, ಅಂದರೆ ಅವರು ಜೋರ್ಡನ್ ನದಿಯಲ್ಲಿ ನೀರಿನ ದೀಕ್ಷೆ ಪಡೆದ ಘಟನೆಯದು. ಬರೆದವನು ಇಟಲಿಯ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ, ಹದಿನೈದನೇ ಶತಮಾನದವನು. ಮೂಲ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನನ್ನ ಹತ್ತಿರ ಇದ್ದದ್ದು ಒಂದು ಪ್ರಿಂಟ್. ಖಾಲಿ ಬಿದ್ದಿದ್ದ ಉದ್ದನೆಯ ಫ್ರೇಮ್ ಒಂದಿತ್ತು, ಅದಕ್ಕೇ ಹೊಂದಿಸಿಕೊಡಿ ಅಂತ ಹೇಳಿದ್ದೆ. ಹೊಂದಿಸಿಕೊಟ್ಟರು, ಎಡಗಡೆ ಒಂದಿಷ್ಟು, ಬಲಗಡೆ ಒಂದಿಷ್ಟು ಕತ್ತರಿಸಿ! ನಡುವೆ ಯೇಸು ಇದ್ದರು. ಪಕ್ಕದಲ್ಲಿ ಅವರಿಗೆ ದೀಕ್ಷೆ ಕೊಟ್ಟ ಸ್ನಾನಿಕ ಯೊವಾನ್ನ, ಮೇಲೆ ಪಾರಿವಾಳ. ಬೇಕಾದ್ದೆಲ್ಲ ಇದೆಯಲ್ಲ ಅಂದುಕೊಂಡು ಗೋಡೆಗೆ ಹಾಕಿದೆ.

ಇದೆಲ್ಲ ಶುರುವಾದದ್ದು ಜಪಸರದಿಂದ. ಮಣಿ ಎಣಿಸುತ್ತಾ ಯೇಸು, ಮರಿಯಾ ಇವರ ಬದುಕಿನ ಘಟನೆಗಳನ್ನು ನೆನೆಯುವ ಪ್ರಾರ್ಥನೆ ಅದು. ಒಂದೊಂದು ಘಟನೆಗೂ ರಹಸ್ಯ ಅಂತ ಹೆಸರು, ಒಂದೊಂದಕ್ಕೂ ಹತ್ತು ಸಲ ನಮೋ ಮರಿಯಾ ಜಪ. 2002ರಲ್ಲಿ ಎರಡನೇ ಜಾನ್ ಪೌಲ್ ಪೋಪರು ಬೆಳಕಿನ ರಹಸ್ಯಗಳನ್ನು ಸೇರಿಸಿದರು. ಅದನ್ನು ಗುರುವಾರ ಹೇಳುತ್ತೇವೆ. ಮೊದಲನೆಯ ರಹಸ್ಯವೇ ಜೋರ್ಡನ್ ನದಿಯ ಸ್ನಾನದೀಕ್ಷೆ. ಎರಡನೆಯದಾದ ಕಾನಾ ಊರಿನ ಮದುವೆ ನನ್ನ ಕಣ್ಣ ಮುಂದೆ ಸುಲಭವಾಗಿ ಬರುತ್ತಿತ್ತು. ಮದುವೆ ಮನೆಯ ಗದ್ದಲ ಯಾರಿಗೆ ಗೊತ್ತಿಲ್ಲ? ಆದರೆ ಈ ಮೊದಲನೆಯದರಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಹತ್ತು ನಮೋ ಮರಿಯಾ ಮುಗಿಯುವಷ್ಟರಲ್ಲಿ ನನ್ನ ಮನಸ್ಸು ಕರೆಂಟ್ ಬಿಲ್ ಕಟ್ಟಿ ಬಂದಿರುತ್ತಿತ್ತು. ಒಂದು ಚಿತ್ರ ಇಟ್ಟುಕೊಂಡು ನೋಡೋಣ ಅನ್ನಿಸಿತು.

ಚಿತ್ರಕ್ಕೆ ಪ್ರಾರ್ಥನೆ ಮಾಡ್ತೀಯಾ ಅಂತ ಕೇಳಿದವರಿದ್ದಾರೆ. ಇದು ಹಳೇ ಪ್ರಶ್ನೆ. 787ರಲ್ಲಿ ನಿಸಿಯಾ ಊರಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಎರಡನೇ ಮಹಾಸಭೆ ಇದಕ್ಕೆ ಉತ್ತರ ಕೊಟ್ಟಾಗಿದೆ: ಚಿತ್ರಕ್ಕೆ ತೋರಿಸುವ ಗೌರವ ಚಿತ್ರದಲ್ಲಿ ಇರುವವರಿಗೆ ಹೋಗಿ ಸೇರುತ್ತದೆ. ನನ್ನ ಉತ್ತರ ಇನ್ನೂ ಸಣ್ಣದು. ಚಿತ್ರ ನನ್ನ ಕಣ್ಣಿಗೆ ಒಂದು ಕೆಲಸ ಕೊಡುತ್ತದೆ. ಕಣ್ಣಿಗೆ ಕೆಲಸ ಇದ್ದರೆ ಮನಸ್ಸು ಓಡಾಡೋದು ಕಡಿಮೆ.

ಮೊದಲು ಫೋನಿನಲ್ಲಿ ನೋಡಿದೆ. ಅದು ಆಗುವ ಮಾತಲ್ಲ. ಬೆರಳು ಸುಮ್ಮನಿರಲ್ಲ, ದೊಡ್ಡದು ಮಾಡುತ್ತೆ, ಸಣ್ಣದು ಮಾಡುತ್ತೆ. ಯೇಸುವಿನ ಕಾಲ್ಬೆರಳು ಎಣಿಸುತ್ತಾ ಕೂತಿದ್ದೆ ಒಂದು ದಿನ. ಮೇಲಿಂದ ಯಾರದೋ ಮೆಸೇಜ್ ಬೇರೆ ಇಳಿದು ಬರುತ್ತೆ, ಸರಿಯಾಗಿ ಪಾರಿವಾಳದ ತಲೆಯ ಮೇಲೆ. ಹಾಗಾಗಿ ಪ್ರಿಂಟ್ ಮಾಡಿಸಿದೆ. ಆಗ ಗಾಜಿನ ಕಾಟ. ಮೇಣದಬತ್ತಿ ಹಚ್ಚಿದರೆ ಚಿತ್ರದ ಬದಲು ಜ್ವಾಲೆಯೂ ನನ್ನ ಮುಖವೂ ಕಾಣುತ್ತಿದ್ದವು. ನದಿಯಲ್ಲಿ ನಿನ್ನ ಮುಖ ಕಾಣೋದಕ್ಕೂ ಒಂದು ಅರ್ಥ ಇದೆ ಅಂತ ಸ್ನೇಹಿತರೊಬ್ಬರು ಹೇಳಿದರು. ಅರ್ಥ ಇರಬಹುದು, ನನಗೆ ಕಿರಿಕಿರಿ ಆಗ್ತಿತ್ತು ಅಷ್ಟೆ. ಗಾಜು ತೆಗೆದೆ, ಬತ್ತಿಯನ್ನು ಪಕ್ಕಕ್ಕೆ ಸರಿಸಿದೆ. ಇನ್ನೊಂದು ವಿಷಯ. ಚಿತ್ರವನ್ನು ಕೂತಾಗ ಕಣ್ಣಿನ ಮಟ್ಟಕ್ಕೆ ಬರುವಂತೆ ಹಾಕಬೇಕು. ನಿಂತಾಗ ಸರಿ ಕಾಣುವ ಎತ್ತರಕ್ಕೆ ಹಾಕಿ, ಒಂದು ವಾರ ಕತ್ತು ನೋಯಿಸಿಕೊಂಡ ಮೇಲೆ ಕಲಿತದ್ದು ಇದು.

ನಾನು ಕೂರೋದು ಇಪ್ಪತ್ತು ನಿಮಿಷ. ಮೊದಲು ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಶುಭಸಂದೇಶ ತೆಗೆದು ಆ ಭಾಗವನ್ನು ಬಾಯಿಬಿಟ್ಟು ಒಂದು ಸಲ ಓದುತ್ತೇನೆ. ಒಂದು ವಾರ ಮತ್ತಾಯ, ಇನ್ನೊಂದು ವಾರ ಮಾರ್ಕ, ಆಮೇಲೆ ಲೂಕ. ಇವರೆಲ್ಲ ಒಂದೇ ಕಥೆ ಹೇಳುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಮತ್ತಾಯನಲ್ಲಿ ಯೊವಾನ್ನ ತಡೆಯುತ್ತಾನೆ, ನೀವು ನನ್ನ ಹತ್ತಿರ ಬರೋದಾ, ನಾನಲ್ಲವಾ ನಿಮ್ಮ ಹತ್ತಿರ ಬರಬೇಕಾದವನು ಅನ್ನುತ್ತಾನೆ. ಮಾರ್ಕನಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ. ಮೂರೇ ವಾಕ್ಯ, ಅದರಲ್ಲೇ ಆಕಾಶ ಬಟ್ಟೆ ಹರಿದ ಹಾಗೆ ಹರಿಯುತ್ತದೆ. ನಾಲ್ಕನೆಯ ಶುಭಸಂದೇಶದಲ್ಲಂತೂ ಸ್ನಾನದ ವರ್ಣನೆಯೇ ಇಲ್ಲ, ಪಾರಿವಾಳ ಇಳಿದದ್ದನ್ನು ನಾನು ಕಂಡೆ ಅನ್ನುವ ಸ್ನಾನಿಕ ಯೊವಾನ್ನನ ಸಾಕ್ಷಿ ಮಾತ್ರ. ಓದಿ ಪುಸ್ತಕ ಮುಚ್ಚಿಡುತ್ತೇನೆ. ತೆರೆದಿದ್ದರೆ ಕಣ್ಣು ಮತ್ತೆ ಅಕ್ಷರದ ಕಡೆಗೇ ಹೋಗುತ್ತದೆ.

ಆಮೇಲೆ ನೋಡೋದು. ಕೆಳಗಿನಿಂದ ಶುರುಮಾಡುತ್ತೇನೆ. ಪಿಯೆರೊನ ಚಿತ್ರದಲ್ಲಿ ಹಿಂದಿನ ನೀರು ಕನ್ನಡಿ ಇದ್ದ ಹಾಗೆ, ಆಕಾಶವೆಲ್ಲ ಅದರಲ್ಲಿದೆ. ಯೇಸುವಿನ ಪಾದದ ಹತ್ತಿರ ಬಂದರೆ ಕನ್ನಡಿ ನಿಂತುಹೋಗುತ್ತದೆ, ತಳದ ನೆಲ ಕಾಣುತ್ತದೆ. ಎರಡು ಪಾದ ನೆಲಕ್ಕೆ ಗಟ್ಟಿಯಾಗಿ ಊರಿವೆ. ಅಲ್ಲಿಂದ ಮೇಲೆ ಬಂದರೆ ಎದೆಯ ಮುಂದೆ ಜೋಡಿಸಿದ ಕೈಗಳು. ಬಾಗಿದ ಕಣ್ಣು. ಪಕ್ಕದಲ್ಲಿ ಒಂದು ಮರ, ಅದರ ಕಾಂಡವೂ ಯೇಸುವಿನ ಮೈಯೂ ಹೆಚ್ಚುಕಡಿಮೆ ಒಂದೇ ಬಿಳುಪು. ತಲೆಯ ಮೇಲೆ ಯೊವಾನ್ನನ ಕೈಯ ಬಟ್ಟಲು. ಅದರ ಮೇಲೆ ರೆಕ್ಕೆ ಚಾಚಿದ ಪಾರಿವಾಳ. ಸುತ್ತಲಿನ ಮೋಡಗಳದ್ದೂ ಅದೇ ಆಕಾರ, ಹಾಗಾಗಿ ಸುಮ್ನೆ ನೋಡಿದರೆ ಅದೂ ಒಂದು ಮೋಡವೇ ಅನ್ನಿಸುತ್ತದೆ. ಪಾರಿವಾಳ ಅಂತ ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು.

ಶುರುವಿನಲ್ಲಿ ನಾನು ಮಾಡುತ್ತಿದ್ದ ತಪ್ಪು ಏನೆಂದರೆ ಅರ್ಥ ಹೇಳಿಕೊಳ್ಳುತ್ತಾ ಹೋಗುವುದು. ಪಾರಿವಾಳ ಅಂದರೆ ಪವಿತ್ರಾತ್ಮ, ಸರಿ. ನೀರು ಅಂದರೆ ಹೊಸ ಹುಟ್ಟು, ಸರಿ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ಹಾಗೆ ಎಲ್ಲಕ್ಕೂ ಟಿಕ್ ಹಾಕಿ ಐದು ನಿಮಿಷಕ್ಕೆ ಮುಗಿಸಿಬಿಡುತ್ತಿದ್ದೆ. ಉಳಿದ ಹದಿನೈದು ನಿಮಿಷ ಏನು ಮಾಡೋದು? ಈಗ ಒಂದು ಕಡೆ ಕಣ್ಣು ನಿಂತರೆ ಅಲ್ಲೇ ಬಿಡುತ್ತೇನೆ. ಒಂದು ದಿನವಿಡೀ ಪಾದ ನೋಡಿಯೇ ಎದ್ದದ್ದಿದೆ.

ಇದಕ್ಕೆ ಸರಿಹೊಂದುವ ಚಿತ್ರವೂ ಬೇಕು. ಎಲ್ಲ ಒಳ್ಳೆಯ ಚಿತ್ರಗಳೂ ಪ್ರಾರ್ಥನೆಗೆ ಆಗಿಬರಲ್ಲ, ಕನಿಷ್ಠ ನನಗಂತೂ. ಫ್ಲಾರೆನ್ಸಿನ ಉಫಿಜಿ ಮ್ಯೂಸಿಯಮ್ಮಿನಲ್ಲಿರುವ ವೆರೊಕ್ಕಿಯೊನ ಸ್ನಾನದೀಕ್ಷೆಯನ್ನು ಮೂರು ವಾರ ಪ್ರಯತ್ನಿಸಿ ಬಿಟ್ಟೆ. ಅದರಲ್ಲಿ ಎಡ ಅಂಚಿನ ದೇವದೂತನನ್ನು ಬರೆದವನು ಆಗ ವೆರೊಕ್ಕಿಯೊನ ಬಳಿ ಕೆಲಸ ಕಲಿಯುತ್ತಿದ್ದ ಲಿಯೊನಾರ್ಡೊ ದ ವಿಂಚಿ. ಶಿಷ್ಯನ ಕೈಚಳಕ ನೋಡಿ ಗುರು ಮತ್ತೆ ಬಣ್ಣವನ್ನೇ ಮುಟ್ಟಲಿಲ್ಲ ಅಂತ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಬರೆದಿಟ್ಟ ಕಥೆ ಬೇರೆ ಇದೆ. ಈ ಕಥೆ ಗೊತ್ತಿದ್ದರೆ ಮುಗೀತು, ಕಣ್ಣು ಯೇಸುವಿನ ಕಡೆ ಹೋಗಲ್ಲ. ಆ ದೇವದೂತನ ಗುಂಗುರು ಕೂದಲಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತಮಾಷೆ ಅಂದರೆ, ಅಲ್ಲಿರುವ ಇನ್ನೊಬ್ಬ ದೇವದೂತನೂ ಯೇಸುವನ್ನು ನೋಡುತ್ತಿಲ್ಲ. ತನ್ನ ಜೊತೆಯವನನ್ನೇ ನೋಡುತ್ತಿದ್ದಾನೆ. ಅವನಿಗೂ ನನ್ನದೇ ಕಷ್ಟ.

ಪಿಯೆರೊನ ಚಿತ್ರದಲ್ಲಿ ಹಾಗೆ ಎಳೆದಾಡುವಂಥದ್ದು ಏನೂ ಇಲ್ಲ. ಎಲ್ಲ ನಿಂತಿದೆ. ಅದು ಮ್ಯೂಸಿಯಮ್ಮಿಗಾಗಿ ಬರೆದದ್ದೂ ಅಲ್ಲ. ಬಲಿಪೀಠದ ಮೇಲೆ ಇಡಲು ಬರೆದದ್ದು, ಪಿಯೆರೊನ ಹುಟ್ಟೂರು ಸಾನ್‌ಸೆಪೊಲ್ಕ್ರೊದಲ್ಲಿ. ನ್ಯಾಷನಲ್ ಗ್ಯಾಲರಿ ಅದನ್ನು ಕೊಂಡದ್ದು 1861ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ತಲೆಮಾರಿನ ಜನ ಅದರ ಮುಂದೆ ಮಂಡಿಯೂರಿದ್ದಾರೆ. ಜೋರ್ಡನ್ ನದಿಯ ಹಿಂದೆ ದೂರದಲ್ಲಿ ಕಾಣುವ ಊರು ಕೂಡ ಸಾನ್‌ಸೆಪೊಲ್ಕ್ರೊವೇ ಅನ್ನುತ್ತಾರೆ. ತನ್ನೂರಿನ ಹೊಳೆಗೇ ಯೇಸುವನ್ನು ಇಳಿಸಿಬಿಟ್ಟಿದ್ದಾನೆ ಪುಣ್ಯಾತ್ಮ.

ಲೂಕನ ವಾರದಲ್ಲಿ ಒಂದು ಸಂಗತಿ ಆಯಿತು. ಮೂರನೆಯ ಅಧ್ಯಾಯ, 21ನೇ ವಚನ. ಯೇಸು ಸ್ನಾನದೀಕ್ಷೆ ಪಡೆದು ಪ್ರಾರ್ಥನೆ ಮಾಡುತ್ತಿದ್ದಾಗ ಆಕಾಶ ತೆರೆಯಿತು ಅಂತಿದೆ. ಪ್ರಾರ್ಥನೆ ಮಾಡುತ್ತಿದ್ದಾಗ! ಈ ಮಾತು ಮತ್ತಾಯನಲ್ಲೂ ಇಲ್ಲ, ಮಾರ್ಕನಲ್ಲೂ ಇಲ್ಲ. ಎಷ್ಟು ಸಲ ಓದಿದ್ದೆನೋ, ಕಣ್ಣಿಗೆ ಬಿದ್ದಿರಲಿಲ್ಲ. ತಲೆ ಎತ್ತಿ ಚಿತ್ರ ನೋಡಿದೆ. ಜೋಡಿಸಿದ ಕೈ, ಬಾಗಿದ ಕಣ್ಣು. ಹೌದಲ್ವಾ, ಇವರೂ ಪ್ರಾರ್ಥನೆಯಲ್ಲೇ ಇದ್ದಾರೆ. ಅಷ್ಟು ದಿನ ನಾನು ಅವರ ಎದುರು ಕೂತು ಮಾತಾಡುತ್ತಿದ್ದೆ, ಅವರು ನನ್ನ ಕಡೆ ತಿರುಗಿ ಕೇಳಿಸಿಕೊಳ್ಳಲಿ ಅಂತ ಕಾಯುತ್ತಿದ್ದೆ. ಅವರು ತಮ್ಮ ತಂದೆಯ ಜೊತೆ ಮಾತಿನಲ್ಲಿದ್ದರು. ಅವತ್ತು ನಾನು ಏನೂ ಕೇಳಲಿಲ್ಲ. ಮನೆಯಲ್ಲಿ ದೊಡ್ಡವರು ಪ್ರಾರ್ಥನೆಗೆ ಕೂತಾಗ ಮಕ್ಕಳು ಪಕ್ಕದಲ್ಲಿ ಬಂದು ಕೂರುತ್ತಾರಲ್ಲ, ಹಾಗೆ ಕೂತೆ.

ಇದಾಗಿ ಸ್ವಲ್ಪ ದಿನಕ್ಕೆ ಲೈಬ್ರರಿಯಲ್ಲಿ ಒಂದು ದೊಡ್ಡ ಚಿತ್ರಪುಸ್ತಕ ತಿರುವಿ ಹಾಕುವಾಗ ನನ್ನ ಚಿತ್ರ ಪೂರ್ತಿಯಾಗಿ ಸಿಕ್ಕಿತು. ಎಡಗಡೆ ಮರದ ಪಕ್ಕ ಮೂವರು ದೇವದೂತರು, ನನ್ನ ಪ್ರಿಂಟಿನಲ್ಲಿ ಇದ್ದದ್ದು ಒಂದೂವರೆ. ಬಲಗಡೆ ಯೊವಾನ್ನನ ಹಿಂದೆ, ನದಿಯ ದಂಡೆಯಲ್ಲಿ ಒಬ್ಬ ಮನುಷ್ಯ ಬಗ್ಗಿ ನಿಂತಿದ್ದಾನೆ. ಬಿಳಿ ಅಂಗಿಯನ್ನು ತಲೆಯ ಮೇಲಿಂದ ಎಳೆದು ಬಿಚ್ಚುತ್ತಿದ್ದಾನೆ. ತಲೆ ಅಂಗಿಯ ಒಳಗೇ ಇದೆ. ಮುಖ ಕಾಣಲ್ಲ. ಮುಂದಿನ ಸರದಿ ಅವನದು.

ಅವನನ್ನು ನೋಡಿ ನನಗೆ ನಗು ಬಂತು. ನಾಲ್ಕು ಹೆಜ್ಜೆ ಆಚೆ ಪಾರಿವಾಳ ಇಳಿದಿದೆ, ಇವನಿಗೆ ಕಾಣುತ್ತಿರುವುದು ತನ್ನ ಅಂಗಿಯ ಒಳಮೈ. ಅಂಗಿ ಕಿವಿಯ ಹತ್ತಿರ ಸಿಕ್ಕಿಕೊಂಡಾಗ ಎಷ್ಟು ಪರದಾಟ ಅಂತ ಎಲ್ಲರಿಗೂ ಗೊತ್ತು. ಒಂದು ಕ್ಷಣ ಕತ್ತಲೆ, ಉಸಿರು ಬಿಸಿ, ಕೈ ಎರಡೂ ಮೇಲೆ. ಆ ಕ್ಷಣದಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದಾನೆ ಪಿಯೆರೊ. ಆಮೇಲೆ ನಗು ನಿಂತಿತು. ನಾನೂ ವರ್ಷಗಟ್ಟಲೆ ಪ್ರಾರ್ಥಿಸಿದ್ದು ಹೀಗೇ ಅಲ್ವಾ. ಏನೂ ಕಾಣುತ್ತಿಲ್ಲ ಅಂತ ಗೊಣಗಿದ್ದೇ ಜಾಸ್ತಿ. ಇವನಿಗೂ ಏನೂ ಕಾಣುತ್ತಿಲ್ಲ, ಆದರೂ ಬಂದಿದ್ದಾನೆ. ಇನ್ನೊಂದು ಯೋಚನೆಯೂ ಬಂತು. ಇವನು ಸಾಲಿನಲ್ಲಿ ಯೇಸುವಿನ ಹಿಂದೆ ಇದ್ದಾನೆ ಅಂದರೆ ಯೇಸುವೂ ಸಾಲಿನಲ್ಲಿ ನಿಂತೇ ಬಂದಿದ್ದಾರೆ. ಪಾಪ ಒಪ್ಪಿಕೊಳ್ಳಲು ಬಂದವರ ಸಾಲು ಅದು. ಅವರಿಗೆ ಅಲ್ಲಿ ಏನು ಕೆಲಸ ಅಂತ ಯೊವಾನ್ನನೇ ಕೇಳಿದ್ದಾನೆ.

ಫ್ರೇಮ್ ಬದಲಾಯಿಸಿದೆ. ಪೂರ್ತಿ ಚಿತ್ರದ ಪ್ರಿಂಟ್ ಹಾಕಿಸಿದೆ, ಈ ಸಲ ಒಂದು ಎಳೆಯೂ ಕತ್ತರಿಸಬಾರದು ಅಂತ ಪಕ್ಕದಲ್ಲೇ ನಿಂತು.

ಜನವರಿ ಬಂದಾಗ ಮಾತ್ರ ಪಿಯೆರೊನನ್ನು ಇಳಿಸಿ ಅದೇ ಘಟನೆಯ ಒಂದು ಐಕಾನ್, ಅಂದರೆ ಪೂರ್ವದ ಕ್ರೈಸ್ತರ ಪ್ರಾರ್ಥನೆಯ ಚಿತ್ರ, ಇಡುತ್ತೇನೆ. ಪೂರ್ವದ ಧರ್ಮಸಭೆಗಳಲ್ಲಿ ಜನವರಿ 6 ಯೇಸುವಿನ ಸ್ನಾನದೀಕ್ಷೆಯ ದೊಡ್ಡ ಹಬ್ಬ, ಹಳೆಯ ಪಂಚಾಂಗ ಹಿಡಿದವರಿಗೆ ನಮ್ಮ ಲೆಕ್ಕದಲ್ಲಿ 19. ಐಕಾನಿನ ಲೋಕವೇ ಬೇರೆ. ಎರಡು ಬಂಡೆಗಳ ನಡುವೆ ನದಿ ಕಪ್ಪಗೆ, ಗುಹೆಯ ಬಾಯಿಯ ಹಾಗೆ. ಯೇಸು ಅದರೊಳಗೆ ಇಳಿದಿದ್ದಾರೆ. ಕೆಳಗೆ ಮೀನುಗಳ ಜೊತೆ ಒಬ್ಬ ಪುಟ್ಟ ಮುದುಕ, ಬೆನ್ನು ತಿರುಗಿಸಿ ಓಡುವವನ ಹಾಗೆ. ಅವನೇ ಜೋರ್ಡನ್ ನದಿ. ಸಮುದ್ರ ಕಂಡು ಓಡಿತು, ಜೋರ್ಡನ್ ಹಿಂದಕ್ಕೆ ತಿರುಗಿತು ಅನ್ನುವ, ಬೈಬಲಿನ 114ನೇ ಕೀರ್ತನೆಯ ಮಾತು ಅಲ್ಲಿ ಮನುಷ್ಯರೂಪ ತಾಳಿದೆ. ಇಟಲಿಯ ರವೆನ್ನಾ ಊರಿನಲ್ಲಿ ಸುಮಾರು 500ರ ಹೊತ್ತಿನ ಮೊಸಾಯಿಕ್ ಒಂದಿದೆ, ಅಲ್ಲೂ ಜೋರ್ಡನ್ ಒಬ್ಬ ಮುದುಕ, ಆದರೆ ಆರಾಮಾಗಿ ಕೂತಿದ್ದಾನೆ, ತಲೆಯ ಮೇಲೆ ಏಡಿಯ ಕೊಂಡಿ! ಐಕಾನಿನಲ್ಲಿ ಯೇಸುವಿನ ಒಂದು ಕೈ ಕೆಳಮುಖವಾಗಿ ನೀರನ್ನು ಆಶೀರ್ವದಿಸುತ್ತಿರುತ್ತದೆ. ನೀರು ಅವರನ್ನು ತೊಳೆಯುತ್ತಿಲ್ಲ, ಅವರೇ ನೀರನ್ನು ತೊಳೆಯುತ್ತಿದ್ದಾರೆ. ಮನಸ್ಸು ಭಾರ ಇದ್ದ ದಿನ ನನಗೆ ಆ ಕಪ್ಪು ನೀರೇ ಹೆಚ್ಚು ಹತ್ತಿರ. ಪಿಯೆರೊನ ಚಿತ್ರದಲ್ಲಿ ಬೆಳಕು ಸ್ವಲ್ಪ ಜಾಸ್ತಿಯೇ.

ಏನೂ ಆಗದ ದಿನಗಳೂ ಬೇಕಾದಷ್ಟಿವೆ. ಗಡಿಯಾರ ನೋಡಿ, ಶಿಲುಬೆ ಗುರುತು ಹಾಕಿ ಎದ್ದುಬಿಡುತ್ತೇನೆ. ನಿದ್ದೆ ಹೋದದ್ದೂ ಇದೆ. ಒಂದು ನೋಟ್‌ಬುಕ್ ಇಟ್ಟಿದ್ದೇನೆ, ದಿನಕ್ಕೆ ಒಂದೇ ಸಾಲು: ಕಣ್ಣು ಎಲ್ಲಿ ನಿಂತಿತು. ಪಾದ. ಬಟ್ಟಲು. ಮರ. ಪಾದ. ನಿದ್ದೆ. ಇಷ್ಟೇ ಇರುತ್ತದೆ. ಅನಿಸಿದ್ದನ್ನೆಲ್ಲ ಬರೆಯಲು ಹೋದರೆ ಬರೆಯುವುದಕ್ಕೆಂದೇ ಏನಾದರೂ ಅನಿಸತೊಡಗುತ್ತದೆ. ಅದು ನನ್ನ ಹಳೆಯ ರೋಗ.

ಸ್ನಾನದೀಕ್ಷೆಯ ಹೊತ್ತಿಗೆ ಆಕಾಶದಿಂದ ಕೇಳಿಬಂದ ತಂದೆಯ ದನಿ ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ. ವೆರೊಕ್ಕಿಯೊ ತನ್ನ ಚಿತ್ರದ ಮೇಲ್ತುದಿಯಲ್ಲಿ ತಂದೆಯ ಎರಡು ಕೈ ಬರೆದಿದ್ದಾನೆ. ಪಿಯೆರೊನ ಈ ಹಲಗೆಯಲ್ಲಿ ಅದೂ ಇಲ್ಲ. ಹಾಗಾಗಿ ಕೊನೆಯ ಎರಡು ನಿಮಿಷ ಕಣ್ಣು ಮುಚ್ಚಿ ಆ ಮಾತನ್ನು ನಾನೇ ಮೆಲ್ಲಗೆ ಹೇಳಿಕೊಳ್ಳುತ್ತೇನೆ, ನೀನೇ ನನ್ನ ಪುತ್ರ, ನನಗೆ ಪರಮಪ್ರಿಯ ಅಂತ. ಮೊದಮೊದಲು ಸಂಕೋಚ ಆಗುತ್ತಿತ್ತು. ಯೇಸುವಿಗೆ ಹೇಳಿದ ಮಾತು ನನ್ನ ಬಾಯಲ್ಲಿ ಯಾಕೆ ಅಂತ. ಈಗ ಆ ಅಂಗಿಯ ಮನುಷ್ಯನ ಜಾಗದಿಂದ ಕೇಳಿಸಿಕೊಳ್ಳುತ್ತೇನೆ. ತಲೆ ಬಟ್ಟೆಯ ಒಳಗಿದ್ದರೂ ಕಿವಿ ಕೇಳುತ್ತದೆ, ಸ್ವಲ್ಪ ಮಂದವಾಗಿ.

ಗುರುವಾರದ ಜಪಸರಕ್ಕೂ ಈಗ ಅವನೇ ಜೊತೆ. ಹತ್ತು ನಮೋ ಮರಿಯಾ ಮುಗಿಯುವ ತನಕ ಕಣ್ಣು ಅವನ ಬೆನ್ನ ಮೇಲೆ. ಕೆಲವು ದಿನ ಮನಸ್ಸಿನಲ್ಲೇ ಹತ್ತಿರ ಹೋಗಿ ತೋಳು ಹಿಡಿದು ಎಳೆದುಕೊಡುತ್ತೇನೆ. ಅಂಗಿ ಇನ್ನೂ ಬಂದಿಲ್ಲ.